ನಂಬದವರಿಗೂ ಅದೇ ಹಕ್ಕು

ಕೇಳುಗರಿಗೆಲ್ಲ ನಮಸ್ಕಾರ.

ಧರ್ಮದ ಸ್ವಾತಂತ್ರ್ಯದ ಬಗ್ಗೆ ನಾಲ್ಕು ಮಾತು ಆಡಿ ಅಂತ ಬಾನುಲಿಯವರು ಕರೆದಿದ್ದಾರೆ. ನಾಲ್ಕು ಮಾತು ಬೇಡ, ಒಂದೇ ಮಾತು ಸಾಕು ಅಂದುಕೊಂಡು ಬಂದಿದ್ದೇನೆ. ತನಗೆ ಬೇಕಾದ ದೇವರನ್ನು ಪೂಜಿಸುವ ಹಕ್ಕು ಎಲ್ಲರಿಗೂ ಇದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಯಾವ ದೇವರನ್ನೂ ಪೂಜಿಸದೆ ಇರುವ ಹಕ್ಕೂ ಇದೆಯೇ? ಇದೆ. ಅದೇ ಹಕ್ಕು ಅದು. ಬೇರೆಯದಲ್ಲ, ಯಾರೋ ದಯೆಯಿಂದ ಕೊಟ್ಟಿದ್ದೂ ಅಲ್ಲ.

ಕಾನೂನು ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿ ತರಗತಿಯಲ್ಲೂ ಒಬ್ಬ ಹುಡುಗ ಎದ್ದು ನಿಲ್ಲುತ್ತಿದ್ದ. "ಸರ್, ಧರ್ಮವೇ ಬೇಡ ಅನ್ನುವವನಿಗೆ ಧರ್ಮದ ಸ್ವಾತಂತ್ರ್ಯ ಯಾಕೆ?" ಬುದ್ಧಿವಂತ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ದೊಡ್ಡವರೂ ಇದನ್ನೇ ಕೇಳುತ್ತಾರೆ, ದೊಡ್ಡ ಹುದ್ದೆಯಲ್ಲಿ ಇರುವವರೂ ಕೇಳುತ್ತಾರೆ. ನನಗೆ ಸ್ವಲ್ಪ ಬೇಸರ ಆಗುವುದು ಅಲ್ಲೇ. ಮದುವೆಗೆ ಹುಡುಗಿಯ ಒಪ್ಪಿಗೆ ಕೇಳುತ್ತೇವೆ ಅಲ್ವಾ? "ಒಲ್ಲೆ" ಅನ್ನುವುದಕ್ಕೆ ಅವಳಿಗೆ ಅವಕಾಶವೇ ಇಲ್ಲದಿದ್ದರೆ, ಅವಳು "ಹೂಂ" ಅಂದದ್ದಕ್ಕೆ ಏನು ಬೆಲೆ? ನಂಬಿಕೆಯೂ ಹಾಗೇ. ಬೇಡ ಅನ್ನುವ ಬಾಗಿಲು ತೆರೆದಿದ್ದರೆ ಮಾತ್ರ, ಬೇಕು ಅಂದವರ ಮಾತು ನಿಜವಾದ ಮಾತು.

ಈಗ ಕೇಳುತ್ತಿರುವವರಲ್ಲಿ ಹೆಚ್ಚಿನವರು ದೇವರನ್ನು ನಂಬುವವರೇ ಇರುತ್ತೀರಿ. ನಿಮ್ಮನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದೇನೆ. ನಂಬದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ನಿಮಗೆ ಚಾರ್ಲ್ಸ್ ಬ್ರಾಡ್ಲಾ ಅವರ ಕಥೆ ಹೇಳಬೇಕು. ಇಂಗ್ಲೆಂಡಿನವರು, 1833ರಲ್ಲಿ ಹುಟ್ಟಿದವರು, ಬಡವರ ಮನೆಯವರು. ಚಿಕ್ಕ ವಯಸ್ಸಿನಲ್ಲೇ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳಿಕೊಡುತ್ತಿದ್ದರು. ಪಾಠಕ್ಕೆ ತಯಾರಿ ಮಾಡುವಾಗ, ಚರ್ಚಿನ ನಿಯಮಗಳಿಗೂ ಬೈಬಲಿನ ಸುವಾರ್ತೆಗಳಿಗೂ ಕೆಲವು ಕಡೆ ತಾಳೆ ಆಗುತ್ತಿಲ್ಲ ಅನ್ನಿಸಿತು. ಪಾದ್ರಿಯನ್ನು ಕೇಳಿದರು. ಪಾದ್ರಿ ಉತ್ತರ ಕೊಡಲಿಲ್ಲ, ಹುಡುಗ ನಾಸ್ತಿಕನಾಗುತ್ತಿದ್ದಾನೆ ಅಂತ ಅಪ್ಪನಿಗೆ ದೂರು ಕೊಟ್ಟರು. ಆ ಹುಡುಗ ಆಗ ನಾಸ್ತಿಕನೇನೂ ಆಗಿರಲಿಲ್ಲ, ಅನುಮಾನ ಕೇಳಿದ್ದ ಅಷ್ಟೆ. ಕೊನೆಗೆ ಮನೆಯನ್ನೇ ಬಿಡಬೇಕಾಯಿತು.

ಮುಂದೆ ಅವರು ನಿಜವಾಗಿಯೂ ನಾಸ್ತಿಕರಾದರು. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದ ಜನ ಅವರನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಪಾರ್ಲಿಮೆಂಟಿನಲ್ಲಿ ಕೂರಬೇಕಾದರೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ಬ್ರಾಡ್ಲಾ ವಿನಯದಿಂದಲೇ ಕೇಳಿದರು: "ದೇವರ ಹೆಸರು ಹೇಳದೆ ನಿಷ್ಠೆಯ ಮಾತು ಕೊಡುತ್ತೇನೆ, ಆಗಬಹುದೇ?" ಕೋರ್ಟಿನಲ್ಲಿ ಸಾಕ್ಷಿ ಹೇಳುವವರಿಗೆ ಆಗಲೇ ಈ ಅವಕಾಶ ಇತ್ತು. ಪಾರ್ಲಿಮೆಂಟಿನಲ್ಲಿ ಮಾತ್ರ ಆಗುವುದಿಲ್ಲ ಅಂದರು. ಸರಿ, ಹಾಗಾದರೆ ನಿಮ್ಮ ಪ್ರಮಾಣವನ್ನೇ ಮಾಡುತ್ತೇನೆ ಅಂದರು ಬ್ರಾಡ್ಲಾ. ಅದೂ ಆಗುವುದಿಲ್ಲ, ನೀನು ನಂಬದವನು, ನಿನ್ನ ಬಾಯಲ್ಲಿ ಆ ಪ್ರಮಾಣಕ್ಕೆ ಬೆಲೆ ಇಲ್ಲ ಅಂದರು! ನೋಡಿ, ಆ ಕಡೆಯೂ ಬಾಗಿಲು ಹಾಕಿದೆ, ಈ ಕಡೆಯೂ ಬಾಗಿಲು ಹಾಕಿದೆ. ಹೊರಗೆ ಹೋಗು ಅಂದಾಗ ಅವರು ಕದಲಲಿಲ್ಲ. ಹಿಡಿದು ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಕೂಡಿಹಾಕಿದರು.

ಆಮೇಲೆ ಅವರು ತಮ್ಮದೇ ಹೊಣೆಯ ಮೇಲೆ ಸದನದಲ್ಲಿ ಕೂತು ಮತ ಹಾಕಿದರು. ಅದಕ್ಕೆ ಕೋರ್ಟಿನಲ್ಲಿ ಕೇಸು ಬಿತ್ತು. ಕಾನೂನಿನಲ್ಲಿ ಹಾಕಿದ ಒಂದೊಂದು ಮತಕ್ಕೂ 500 ಪೌಂಡ್ ದಂಡ ಇತ್ತು. ಕೇಸು ಸೋತರು, ಸೀಟು ಹೋಯಿತು. ಮತ್ತೆ ಚುನಾವಣೆ ನಡೆಯಿತು, ಅದೇ ಜನ ಅವರನ್ನೇ ಗೆಲ್ಲಿಸಿದರು. 1881ರ ಆಗಸ್ಟಿನಲ್ಲಿ ಒಳಗೆ ಹೋಗಲು ನೋಡಿದಾಗ ಪೊಲೀಸರೂ ಸಿಬ್ಬಂದಿಯೂ ಸೇರಿ ಎಳೆದುಕೊಂಡು ಮೆಟ್ಟಿಲಿಳಿಸಿ ಅಂಗಳಕ್ಕೆ ತಂದು ಬಿಟ್ಟರು. ಕೋಟು ಹರಿದುಹೋಯಿತು. ಮಾರನೆಯ ವರ್ಷ ಸೀದಾ ಸದನದ ಮೇಜಿನ ಹತ್ತಿರ ನಡೆದುಹೋಗಿ, ಜೇಬಿನಿಂದ ಪುಸ್ತಕ ತೆಗೆದು, ತಮಗೆ ತಾವೇ ಪ್ರಮಾಣವಚನ ಬೋಧಿಸಿಕೊಂಡರು. ಸದನದಿಂದ ಉಚ್ಚಾಟನೆ ಮಾಡಿದರು. ಮತ್ತೆ ಚುನಾವಣೆ, ಮತ್ತೆ ಗೆಲುವು. 1884ರಲ್ಲಿ ಇನ್ನೊಂದು ಸಲ. 1885ರಲ್ಲಿ ಮತ್ತೂ ಒಂದು ಸಲ. ಒಟ್ಟು ಐದು ಸಲ ಆ ಊರಿನ ಜನ ಒಬ್ಬ ನಾಸ್ತಿಕನನ್ನು ಗೆಲ್ಲಿಸಿದರು. ಆ ಮತದಾರರಲ್ಲಿ ಚರ್ಚಿಗೆ ಹೋಗುವವರೂ ಇದ್ದರು. ಅವರಿಗೆ ಅರ್ಥವಾದದ್ದು ದೊಡ್ಡ ದೊಡ್ಡ ಪ್ರಭುಗಳಿಗೆ ಅರ್ಥವಾಗಲಿಲ್ಲ.

ಒಬ್ಬರಿಗೆ ಅರ್ಥವಾಗಿತ್ತು. ಪ್ರಧಾನಿ ಗ್ಲಾಡ್‌ಸ್ಟನ್. ಅವರಷ್ಟು ಗಾಢವಾದ ದೈವಭಕ್ತರು ಆಗಿನ ರಾಜಕೀಯದಲ್ಲಿ ಅಪರೂಪ. ಬ್ರಾಡ್ಲಾ ಅವರ ವಿಚಾರ ಒಂದೂ ಅವರಿಗೆ ಹಿಡಿಸುತ್ತಿರಲಿಲ್ಲ. ಆದರೂ 1883ರಲ್ಲಿ, ದೇವರ ಹೆಸರಿಲ್ಲದೆ ಮಾತು ಕೊಡುವ ಅವಕಾಶ ಎಲ್ಲ ಸದಸ್ಯರಿಗೂ ಇರಲಿ ಅಂತ ಅವರ ಸರ್ಕಾರವೇ ಮಸೂದೆ ತಂದಿತು. ಗ್ಲಾಡ್‌ಸ್ಟನ್ ಅದರ ಪರವಾಗಿ ಎದ್ದು ನಿಂತು ದೀರ್ಘವಾಗಿ ಮಾತಾಡಿದರು. ಮಸೂದೆ ಮೂರೇ ಮೂರು ಮತಗಳಿಂದ ಬಿದ್ದುಹೋಯಿತು. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಈ ಭಾಗ. ತನ್ನ ದೇವರಲ್ಲಿ ಗಟ್ಟಿ ನಂಬಿಕೆ ಇದ್ದವನಿಗೆ ಪಕ್ಕದವನ ಅಪನಂಬಿಕೆಯಿಂದ ಭಯವಾಗಲಿಲ್ಲ.

1886ರಲ್ಲಿ ಹೊಸ ಸ್ಪೀಕರ್ ಯಾರ ಆಕ್ಷೇಪಣೆಯನ್ನೂ ಕೇಳಲಿಲ್ಲ, ಬ್ರಾಡ್ಲಾ ಪ್ರಮಾಣ ಮಾಡಿ ಕೂತರು. 1888ರಲ್ಲಿ ಅವರೇ ಮುಂದೆ ನಿಂತು ಪ್ರಮಾಣದ ಕಾನೂನನ್ನು ಬದಲಾಯಿಸಿದರು. 1891ರ ಜನವರಿಯಲ್ಲಿ, ಬ್ರಾಡ್ಲಾ ಅವರನ್ನು ತಡೆಯಲು ತಾನು ಹಿಂದೆ ಮಾಡಿದ್ದ ನಿರ್ಣಯವನ್ನು ದಾಖಲೆಯಿಂದ ಅಳಿಸಿಹಾಕಬೇಕು ಅಂತ ಅದೇ ಸದನ ತೀರ್ಮಾನಿಸಿತು. ಬ್ರಾಡ್ಲಾ ಆಗ ಸಾಯುವ ಸ್ಥಿತಿಯಲ್ಲಿದ್ದರು, ಸುದ್ದಿ ಅವರಿಗೆ ಮುಟ್ಟಲೇ ಇಲ್ಲ. ಕೆಲವೇ ದಿನಗಳಲ್ಲಿ ತೀರಿಕೊಂಡರು. ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ದನಿ ಎತ್ತುತ್ತಿದ್ದವರು ಅವರು. ಅವರ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಒಬ್ಬ ವಿದ್ಯಾರ್ಥಿಯೂ ಇದ್ದ. ಹೆಸರು ಮೋಹನದಾಸ ಗಾಂಧಿ.

ಕಥೆ ಉದ್ದವಾಯಿತು, ಗೊತ್ತು. ಸುಮ್ನೆ ಹೇಳಲಿಲ್ಲ. ಆ ಪ್ರಮಾಣವಚನಕ್ಕೆ ಇನ್ನೊಂದು ಹಿನ್ನೆಲೆ ಇದೆ. ಬ್ರಾಡ್ಲಾ ಅವರಿಗಿಂತ ಮೊದಲು ಆ ಬಾಗಿಲಲ್ಲಿ ತಡೆಸಿಕೊಂಡವರು ಯಾರು ಗೊತ್ತೇ? ದೇವರನ್ನು ನಂಬುವವರೇ. 1829ರವರೆಗೆ ಕ್ಯಾಥೊಲಿಕರಿಗೆ ಒಳಗೆ ಜಾಗ ಇರಲಿಲ್ಲ. ಯಹೂದಿಯಾದ ಲಯನೆಲ್ ಡಿ ರಾತ್‌ಸ್ಚೈಲ್ಡ್ 1847ರಲ್ಲಿ ಗೆದ್ದರು. "ಕ್ರೈಸ್ತನ ನಿಜವಾದ ನಂಬಿಕೆಯ ಮೇಲೆ" ಅನ್ನುವ ಮಾತನ್ನು ಅವರು ಹೇಳಲಾರದೆ, ಸೀಟಿನಲ್ಲಿ ಕೂರಲು 1858ರವರೆಗೆ ಕಾಯಬೇಕಾಯಿತು. ನಂಬದವನನ್ನು ಹೊರಗಿಡಲು ಒಂದು ಬಾಗಿಲು ಕಟ್ಟಿದರೆ ಅದು ಅವನೊಬ್ಬನಿಗೇ ಮುಚ್ಚಿಕೊಳ್ಳುವುದಿಲ್ಲ. ಬೇರೆ ರೀತಿ ನಂಬುವವರಿಗೂ ಮುಚ್ಚಿಕೊಳ್ಳುತ್ತದೆ. ಗಡಿ ದಾಟಿ ಇನ್ನೊಂದು ದೇಶಕ್ಕೆ ಹೋದರೆ ಆ ಬೇರೆಯವರು ನೀವೇ ಆಗಿರಬಹುದು. ಅದಕ್ಕೇ ನಂಬುವವರಿಗೆ ಹೇಳುತ್ತಿದ್ದೇನೆ, ಬೇಡ ಅನ್ನುವ ಹಕ್ಕು ನಿಮ್ಮದೂ ಹೌದು.

ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ, ಸಮಯ ಕಮ್ಮಿ ಇದೆ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಂದದ್ದು 1948ರಲ್ಲಿ. ಅದರ 18ನೇ ವಿಧಿಯಲ್ಲಿ ವಿಚಾರ, ಆತ್ಮಸಾಕ್ಷಿ, ಧರ್ಮ ಮೂರೂ ಒಟ್ಟಿಗೆ ಇವೆ. ನಾಸ್ತಿಕರಿಗೂ, ಯಾವ ಧರ್ಮವನ್ನೂ ಒಪ್ಪದವರಿಗೂ ಇದೇ ರಕ್ಷಣೆ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಬಿಡಿಸಿ ಹೇಳಿತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ರಾಯ್ ಟೊರ್ಕಾಸೊ ಎಂಬವರಿಗೆ ನೋಟರಿ ಕೆಲಸ ಸಿಗಬೇಕಾದರೆ ದೇವರಿದ್ದಾನೆ ಅಂತ ಘೋಷಿಸಬೇಕಿತ್ತು. ಅವರು ಒಲ್ಲೆ ಅಂದರು. 1961ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಸ್ಯಾನ್ ಮರಿನೊ ಎಂಬ ಪುಟ್ಟ ದೇಶದಲ್ಲಿ ಶಾಸಕರು ಬೈಬಲಿನ ಮೇಲೆ ಪ್ರಮಾಣ ಮಾಡಲೇಬೇಕು ಅಂತ ಕಟ್ಟುಪಾಡು ಇತ್ತು. ಅದು ತಪ್ಪು ಅಂತ 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು.

ಹಾಗಂತ ಎಲ್ಲ ಕಡೆ ಸರಿಹೋಗಿದೆ ಅಂದುಕೊಳ್ಳಬೇಡಿ. ಧರ್ಮ ಬಿಟ್ಟವನಿಗೆ ಮರಣದಂಡನೆ ಅನ್ನುವ ಕಾನೂನು ಇವತ್ತಿಗೂ ಕೆಲವು ದೇಶಗಳಲ್ಲಿದೆ. ಅಂಥ ಕಡೆ ಪ್ರಾರ್ಥನೆಗೆ ಬಂದವರಲ್ಲಿ ಯಾರು ಭಕ್ತಿಯಿಂದ ಬಂದರು, ಯಾರು ಹೆದರಿಕೆಯಿಂದ ಬಂದರು ಅಂತ ಹೇಗೆ ಗೊತ್ತಾಗಬೇಕು? ನಿಜವಾದ ಭಕ್ತನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇದೆಯೇ?

ನಮ್ಮ ಸಂವಿಧಾನ ಸಭೆಯ ಮಾತು ಹೇಳಿ ಮುಗಿಸುತ್ತೇನೆ. 1949ರ ಅಕ್ಟೋಬರಿನಲ್ಲಿ ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಲಿ ಅಂತ ಎಚ್. ವಿ. ಕಾಮತ್ ತಿದ್ದುಪಡಿ ತಂದರು. ಅದನ್ನು ವಿರೋಧಿಸಿದವರಲ್ಲಿ ಒಬ್ಬರಾದ ಪಟ್ಟಂ ತಾಣು ಪಿಳ್ಳೈ ಸ್ವತಃ ದೇವರನ್ನು ನಂಬುವವರು. ನಂಬುವುದೂ ನಂಬದಿರುವುದೂ ಮನುಷ್ಯನ ಹಕ್ಕು, ಇದು ಬಲವಂತವಾಗುತ್ತದೆ ಅಂದರು. ಮತಕ್ಕೆ ಹಾಕಿದಾಗ ಪರ 41, ವಿರುದ್ಧ 68. ಅದೇ ಸಂವಿಧಾನದಲ್ಲಿ ಮಂತ್ರಿಗೂ ಶಾಸಕನಿಗೂ ಎರಡು ದಾರಿ ಇಟ್ಟರು: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರ ಹೆಸರಿಲ್ಲದೆ ನಿಷ್ಠೆಯಿಂದ ಮಾತು ಕೊಡಬಹುದು. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಕೋರ್ಟಿನ ಸಾಕ್ಷಿಗೂ ಈ ಎರಡು ದಾರಿ ಇವೆ. ನಾಳೆ ನೀವು ಸಾಕ್ಷಿ ಹೇಳಲು ನಿಂತರೆ ನಿಮಗೆ ಬೇಕಾದ ಮಾತನ್ನು ನೀವೇ ಆರಿಸಿಕೊಳ್ಳಬಹುದು. ಕಾರಣ ಕೊಡಬೇಕಾಗಿಲ್ಲ. ಸುಳ್ಳು ಹೇಳಿದರೆ ಶಿಕ್ಷೆ ಮಾತ್ರ ಇಬ್ಬರಿಗೂ ಒಂದೇ.

ಕೇಳಿದ್ದಕ್ಕೆ ವಂದನೆ. ನಮಸ್ಕಾರ.