1.4ರಲ್ಲಿ ಸ್ವಲ್ಪ ದಿನ ಇದ್ದು ಹೋಗಿ

ನಮಸ್ಕಾರ. ಇವತ್ತು ಎಸ್‌ಕ್ಯೂಎಲ್‌ಆಲ್ಕೆಮಿ ಬಗ್ಗೆ ಮಾತಾಡೋಣ. ಟೇಬಲ್ಲಿನ ಸಾಲನ್ನು ಪೈಥಾನ್ ಆಬ್ಜೆಕ್ಟ್ ಮಾಡಿ ಕೈಗೆ ಕೊಡುವ ಲೈಬ್ರರಿ, ನಿಮಗೆ ಗೊತ್ತೇ ಇದೆ. ಇದರ 2.0 ಬಂದಿದ್ದು 2023ರ ಜನವರಿಯಲ್ಲಿ. ಆದರೂ 1.3ರಲ್ಲೇ ಕೂತಿರುವ ಕೋಡ್ ನನ್ನ ಕಣ್ಣಿಗೆ ಇನ್ನೂ ಬೀಳುತ್ತಲೇ ಇದೆ. ಅಂಥ ಕೋಡ್ ಇಟ್ಟುಕೊಂಡವರು ಕೇಳುವುದು ಒಂದೇ ಮಾತು: "ಹೇಗೂ ಬದಲಾಯಿಸಬೇಕು, ಸೀದಾ 2.0ಗೇ ಹೋಗಿಬಿಡೋಣ ಅಲ್ವಾ?"

ಬೇಡ. 1.4ಗೆ ಹೋಗಿ. ಅಲ್ಲಿ ಕೆಲವು ವಾರ ಇರಿ.

ಸೀದಾ ಹೋದರೆ ಏನಾಗುತ್ತದೆ ನೋಡಿ. ಡೇಟಾಬೇಸಿಗೆ ಸೀದಾ ಕ್ವೆರಿ ಕಳಿಸುತ್ತಿದ್ದ ಇಂಜಿನ್ ಡಾಟ್ ಎಕ್ಸಿಕ್ಯೂಟ್ 2.0ದಲ್ಲಿ ಇಲ್ಲವೇ ಇಲ್ಲ. ಬರೀ ಸ್ಟ್ರಿಂಗ್ ಕೊಟ್ಟರೆ ಕ್ವೆರಿ ಓಡುವುದಿಲ್ಲ, ಅದನ್ನು ಟೆಕ್ಸ್ಟ್ ಫಂಕ್ಷನ್ ಒಳಗೆ ಹಾಕಬೇಕು. ಸೆಲೆಕ್ಟ್‌ಗೆ ಕಾಲಮ್‌ಗಳನ್ನು ಲಿಸ್ಟ್ ಮಾಡಿ ಕೊಡುವ ಹಾಗಿಲ್ಲ. ಇವೆಲ್ಲ ಓಡಿಸಿದ ತಕ್ಷಣ ಕಿರುಚಿಕೊಳ್ಳುತ್ತವೆ. ಕಿರುಚಿಕೊಳ್ಳುವ ತಪ್ಪಿಗೆ ನಾನು ಹೆದರುವುದಿಲ್ಲ. ಹೆದರುವುದು ಅದನ್ನು ಸರಿಮಾಡುವ ಕೈಗೆ.

ನಮ್ಮ ತಂಡದಲ್ಲಿ ಆಗಿದ್ದೇ ಹೇಳುತ್ತೇನೆ. ರಾತ್ರಿ ಓಡುವ ಒಂದು ಚಿಕ್ಕ ಸ್ಕ್ರಿಪ್ಟ್ ಇತ್ತು. ಅವಧಿ ಮುಗಿದ ಲಾಗಿನ್ ಸೆಷನ್‌ಗಳನ್ನು ಅಳಿಸುವ ಕೆಲಸ. ಅದರಲ್ಲಿ ಇಂಜಿನ್ ಡಾಟ್ ಎಕ್ಸಿಕ್ಯೂಟ್ ಇತ್ತು, ಮುರಿಯಿತು. ಸರಿ, ಇಂಜಿನ್ ಡಾಟ್ ಕನೆಕ್ಟ್ ಮಾಡಿ, ಆ ಕನೆಕ್ಷನ್ ಮೇಲೆ ಅದೇ ಡಿಲೀಟ್ ಓಡಿಸಿದೆವು. ಎರರ್ ಹೋಯಿತು. ಟೆಸ್ಟ್ ಪಾಸಾಯಿತು. ಎಲ್ಲರೂ ಮನೆಗೆ ಹೋದೆವು.

ಆಮೇಲೆ ಯಾರೋ ಲಾಗ್ ನೋಡಿದರು. ಪ್ರತಿ ರಾತ್ರಿ ಎಷ್ಟು ಸಾಲು ಅಳಿಸಿದೆ ಅಂತ ಅದರಲ್ಲಿ ಬರುತ್ತಿತ್ತು. ಆ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿತ್ತು. ನಿಜವಾಗಿ ಅಳಿಸುತ್ತಿದ್ದರೆ ಅದು ಹಾಗೆ ಏರುತ್ತಲೇ ಹೋಗುವುದು ಹೇಗೆ?

ಅಳಿಸುತ್ತಲೇ ಇರಲಿಲ್ಲ. 1.x ಕಾಲದಲ್ಲಿ ಲೈಬ್ರರಿಯೇ ನಮ್ಮ ಪರವಾಗಿ ಕಮಿಟ್ ಮಾಡುತ್ತಿತ್ತು, ಅಂದರೆ ಬದಲಾವಣೆಯನ್ನು ಡೇಟಾಬೇಸಿನಲ್ಲಿ ಕಾಯಂ ಮಾಡುತ್ತಿತ್ತು. ಹೇಗೆ ಗೊತ್ತಾ? ನೀವು ಕೊಟ್ಟ ಸ್ಟ್ರಿಂಗ್ ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಅಂತ ಶುರುವಾಗುತ್ತಾ ಅಂತ ರೆಜೆಕ್ಸ್ (ಅಕ್ಷರಗಳ ನಮೂನೆ ಹುಡುಕುವ ಸೂತ್ರ) ಹಾಕಿ ನೋಡುತ್ತಿತ್ತು! ಡೇಟಾ ಬರೆಯುವ ಒಂದು ಫಂಕ್ಷನ್ನನ್ನು ಸೆಲೆಕ್ಟ್ ಮೂಲಕ ಕರೆದರೆ ಮೋಸಹೋಗುತ್ತಿತ್ತು. ಇಂಥದ್ದನ್ನು ತೆಗೆದುಹಾಕಿದ್ದು ಒಳ್ಳೆಯದೇ ಆಯಿತು, ನನ್ನ ತಕರಾರಿಲ್ಲ. 2.0ದಲ್ಲಿ ಟ್ರಾನ್ಸಾಕ್ಷನ್ ತಾನಾಗಿ ಶುರುವಾಗುತ್ತದೆ, ಕಮಿಟ್ ನೀವು ಹೇಳಬೇಕು. ಹೇಳದೆ ಕನೆಕ್ಷನ್ ಮುಚ್ಚಿದರೆ ರೋಲ್‌ಬ್ಯಾಕ್, ಮಾಡಿದ್ದೆಲ್ಲ ವಾಪಸ್. ಎರರ್ ಇಲ್ಲ, ಏನಿಲ್ಲ. ಎಷ್ಟು ಸಾಲು ಬದಲಾಯಿತು ಅಂತ ಹೇಳುವ ರೋಕೌಂಟ್ ಕೂಡ ಸರಿಯಾದ ಸಂಖ್ಯೆಯನ್ನೇ ಕೊಡುತ್ತದೆ, ಯಾಕೆಂದರೆ ಆ ಕ್ಷಣದಲ್ಲಿ ಸಾಲುಗಳು ಅಳಿಸಿರುವುದು ನಿಜ. ನಮ್ಮ ಟೆಸ್ಟ್ ಪಾಸಾಗಿದ್ದೂ ಅದಕ್ಕೇ. ಅದು ಅದೇ ಕನೆಕ್ಷನ್‌ನಲ್ಲಿ ಎಣಿಸಿ ನೋಡುತ್ತಿತ್ತು.

ಈಗ 1.4ಕ್ಕೆ ಬರುತ್ತೇನೆ. 2021ರ ಮಾರ್ಚಿನಲ್ಲಿ ಬಂದ ಆವೃತ್ತಿ. ಅದರಲ್ಲಿ ಹಳೆಯ ರೀತಿಯೂ ಓಡುತ್ತದೆ, ಹೊಸದೂ ಓಡುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿ ಅಂಡರ್‌ಸ್ಕೋರ್ ವಾರ್ನ್ ಅಂಡರ್‌ಸ್ಕೋರ್ 20 ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಇದೆ. ಎಲ್ಲ ದೊಡ್ಡಕ್ಷರದಲ್ಲಿ ಬರೆದು, ಬೆಲೆ 1 ಕೊಟ್ಟು ಟೆಸ್ಟ್ ಓಡಿಸಿ. ಈ ಸ್ಟೇಟ್‌ಮೆಂಟ್ ತಾನಾಗಿ ಕಮಿಟ್ ಆಗುತ್ತಿದೆ, 2.0ದಲ್ಲಿ ಹೀಗಾಗುವುದಿಲ್ಲ ಅಂತ ಅದೇ ಹೇಳುತ್ತದೆ. ಈ ಮಾತನ್ನು 2.0 ನಿಮಗೆ ಹೇಳುವುದಿಲ್ಲ. ನಾವು 1.3ರಿಂದ ಸೀದಾ ಹಾರಿದ್ದೆವು, ಹಾಗಾಗಿ ನಮಗೆ ಯಾರೂ ಹೇಳಲಿಲ್ಲ.

ಒಂದು ಕೊಕ್ಕೆ ಇದೆ. ಓಡಿದ ಕೋಡಿಗೆ ಮಾತ್ರ ಈ ವಾರ್ನಿಂಗ್ ಬರುತ್ತದೆ. ಟೆಸ್ಟ್ ಮುಟ್ಟದ ಸ್ಕ್ರಿಪ್ಟ್‌ಗಳು, ವರ್ಷಕ್ಕೊಮ್ಮೆ ಓಡುವ ರಿಪೋರ್ಟ್‌ಗಳು ಸುಮ್ನೆ ಮಲಗಿರುತ್ತವೆ. ಅದಕ್ಕೇ ಕೆಲವು ವಾರ ಅಂದಿದ್ದು. ನಿಜವಾದ ಸರ್ವರ್‌ನಲ್ಲೂ ವಾರ್ನಿಂಗ್ ಆನ್ ಮಾಡಿ, ಲಾಗ್ ಸೇರಿಸುತ್ತಾ ಹೋಗಿ. ಎರಡು ಆಬ್ಜೆಕ್ಟ್‌ಗಳನ್ನು ಎರಡೂ ಕಡೆಯಿಂದ ಜೋಡಿಸುವ ಬ್ಯಾಕ್‌ರೆಫ್ ವಿಷಯವೂ ಹೀಗೇ ಸಿಗುತ್ತದೆ. ಮೊದಲು ಹೊಸ ಆರ್ಡರ್‌ಗೆ ಯೂಸರ್ ಜೋಡಿಸಿದರೆ ಸಾಕಿತ್ತು, ಆ ಯೂಸರ್ ಎಸ್‌ಕ್ಯೂಎಲ್‌ಆಲ್ಕೆಮಿಯ ಸೆಷನ್‌ನಲ್ಲಿದ್ದರೆ (ಲಾಗಿನ್ ಸೆಷನ್ ಅಲ್ಲ) ಆರ್ಡರ್ ಕೂಡ ತಾನಾಗಿ ಒಳಗೆ ಬರುತ್ತಿತ್ತು. ಈಗ ನೀವೇ ಆಡ್ ಮಾಡಬೇಕು.

ವಾರ್ನಿಂಗ್ ನಿಂತ ಮೇಲೆ ಇಂಜಿನ್‌ಗೂ ಸೆಷನ್‌ಗೂ 2.0ದ ಹಾಗೆ ನಡೆದುಕೊಳ್ಳುವಂತೆ ಮಾಡುವ ಫ್ಯೂಚರ್ ಫ್ಲ್ಯಾಗ್ ಹಾಕಿ. ಅದೂ ಸರಿಯಾಗಿ ನಡೆದರೆ ಆವೃತ್ತಿ ಬದಲಾಯಿಸಿ.

ಹಳೆಯ ಸೆಷನ್ ಡಾಟ್ ಕ್ವೆರಿ ಇರುವಲ್ಲೆಲ್ಲ ಸೆಲೆಕ್ಟ್ ಬರೆದು ಬದಲಾಯಿಸಬೇಕಲ್ಲ ಅಂತ ಬಹಳ ಜನ ಗಾಬರಿಯಾಗುತ್ತಾರೆ. ಮಾಡಬೇಕಾಗಿಲ್ಲ. ಅದನ್ನು ಹಳೆಯದು ಅಂತ ಕರೆದಿದ್ದಾರೆ, ತೆಗೆದಿಲ್ಲ. 2.0ದ ಹೊಸ ಮ್ಯಾಪ್ಡ್ ಕಾಲಮ್, ಟೈಪ್ ಹಿಂಟ್ ಎಲ್ಲ ನನಗೂ ಇಷ್ಟ, ಎಡಿಟರ್ ಎಷ್ಟೋ ತಪ್ಪು ಅಲ್ಲೇ ಹಿಡಿಯುತ್ತದೆ. ಆದರೆ ಅದನ್ನು ಇದೇ ಕೆಲಸದ ಜೊತೆ ಬೆರೆಸಬೇಡಿ. ಸಾವಿರ ಸಾಲಿನ ಬದಲಾವಣೆ ನಡುವೆ ಮರೆತ ಒಂದು ಕಮಿಟ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂದಹಾಗೆ ಆ ಸ್ಕ್ರಿಪ್ಟ್ ಸರಿಮಾಡಲು ಬೇಕಾಗಿದ್ದು ಒಂದೇ ಪದ. ಕನೆಕ್ಟ್ ಇದ್ದಲ್ಲಿ ಬಿಗಿನ್ ಹಾಕಿದೆವು. ಅದರ ಬ್ಲಾಕ್ ಸರಿಯಾಗಿ ಮುಗಿದರೆ ಕಮಿಟ್ ತಾನೇ ಆಗುತ್ತದೆ. ಅವತ್ತು ರಾತ್ರಿ ಅದು ಬಾಕಿ ಉಳಿದಿದ್ದನ್ನೆಲ್ಲ ಒಂದೇ ಸಲ ಅಳಿಸಲು ಹೋಗಿ, ಲಾಕ್ ಹಿಡಿದು ಕೂತಿತು. ಬೆಳಿಗ್ಗೆ ಎದ್ದು ತುಂಡು ತುಂಡಾಗಿ ಅಳಿಸಿದೆವು.