ನ್ಯೂರೋಎಂಡೋಕ್ರೈನ್ ಗೆಡ್ಡೆ: ಗೊತ್ತಾಗುವ ಮೊದಲು, ಗೊತ್ತಾದ ಮೇಲೆ

ಕೇಳುಗರಿಗೆ ನಮಸ್ಕಾರ.

ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಆರಕ್ಕಿಂತ ಕಡಿಮೆ ಮಂದಿಗೆ ಹೊಸದಾಗಿ ತಗಲುವ ಕ್ಯಾನ್ಸರನ್ನು ಯುರೋಪಿನ ತಜ್ಞರು ಅಪರೂಪದ ಕ್ಯಾನ್ಸರ್ ಎಂದು ಪರಿಗಣಿಸುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದರ ಸಂಖ್ಯೆಯೂ ಸಣ್ಣದು. ಎಲ್ಲವನ್ನೂ ಕೂಡಿಸಿದರೆ ಮಾತ್ರ, ಅಲ್ಲಿನ ಒಟ್ಟು ಕ್ಯಾನ್ಸರ್ ರೋಗಿಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ಈ ಗುಂಪಿಗೆ ಸೇರುತ್ತಾರೆ. ಇಂದು ನಾನು ಈ ಗುಂಪಿನ ಒಂದೇ ರೋಗವನ್ನು, ಅಂದರೆ ನ್ಯೂರೋಎಂಡೋಕ್ರೈನ್ ಗೆಡ್ಡೆಯನ್ನು ಕುರಿತು ಮಾತನಾಡುತ್ತೇನೆ. ಈ ರೋಗದಲ್ಲಿ ರೋಗಿಗೂ ವೈದ್ಯರಿಗೂ ಎಲ್ಲಕ್ಕಿಂತ ಕಠಿಣವಾಗುವುದು ಕಾಲ ಎಂಬುದು ನನ್ನ ತಿಳಿವಳಿಕೆ. ಕಾಯಿಲೆ ಏನೆಂದು ಗೊತ್ತಾಗುವ ಮೊದಲು ಕಳೆದುಹೋಗುವ ವರ್ಷಗಳು ಒಂದು ಬಗೆಯವು. ಗೊತ್ತಾದ ಮೇಲೆ ಗೆಡ್ಡೆಯನ್ನು ಒಡಲಲ್ಲಿ ಇಟ್ಟುಕೊಂಡೇ ಬಾಳಬೇಕಾದ ವರ್ಷಗಳು ಇನ್ನೊಂದು ಬಗೆಯವು.

ನಮ್ಮ ಕರುಳು, ಮೇದೋಜೀರಕ ಗ್ರಂಥಿ ಮತ್ತು ಶ್ವಾಸಕೋಶಗಳಲ್ಲಿ ಹಾರ್ಮೋನುಗಳನ್ನು ಸ್ರವಿಸುವ ಜೀವಕೋಶಗಳು ಅಲ್ಲಲ್ಲಿ ಹರಡಿಕೊಂಡಿರುತ್ತವೆ. ಅವುಗಳಿಂದ ಹುಟ್ಟುವ ಗೆಡ್ಡೆ ಇದು. ಹೆಸರಿನಲ್ಲಿ ‘ನ್ಯೂರೋ’ ಎಂದಿರುವುದರಿಂದ ಮೆದುಳಿನ ಗೆಡ್ಡೆಯೆಂದು ಭಾವಿಸಿ ಗಾಬರಿಯಾಗುವ ಕುಟುಂಬಗಳು ಅನೇಕ. 2018ರ ಮಾರ್ಚಿನಲ್ಲಿ ನಟ ಇರ್ಫಾನ್ ಖಾನ್ ತಮಗೆ ಈ ರೋಗ ಬಂದಿದೆಯೆಂದು ಪ್ರಕಟಿಸಿದಾಗ, ಇದು ಯಾವಾಗಲೂ ಮೆದುಳಿಗೆ ಸಂಬಂಧಿಸಿದ್ದಲ್ಲ ಎಂದು ಅವರೇ ಸ್ಪಷ್ಟಪಡಿಸಬೇಕಾಯಿತು.

ವೈದ್ಯರಿಗೂ ಈ ರೋಗ ಸುಲಭವಾಗಿ ಅರ್ಥವಾದದ್ದಲ್ಲ. ಮ್ಯೂನಿಕ್‌ನ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಸಣ್ಣ ಕರುಳಿನ ಈ ಗೆಡ್ಡೆಗಳನ್ನು ವಿವರಿಸಿ, ಇವು ಕ್ಯಾನ್ಸರಿನಂತೆ ಕಂಡರೂ ನಿರಪಾಯಕಾರಿ ಎಂದು ಬರೆದರು. ಇವು ದೇಹದ ಬೇರೆ ಭಾಗಗಳಿಗೂ ಹರಡಬಲ್ಲವು ಎಂದು ಅವರೇ 1929ರಲ್ಲಿ ತಿದ್ದಿ ಹೇಳಿದರು. ಇದನ್ನು ಹೀಗೆ ವಿವರಿಸಿದವರಿಗೇ ಇದರ ಪೂರ್ಣ ಸ್ವಭಾವ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು ಎಂಬುದನ್ನು ನೆನೆದರೆ, ಹಗಲೆಲ್ಲ ನೂರಾರು ಜನರನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಬೇಗ ಗುರುತಿಸಲಿಲ್ಲವೆಂದು ದೂಷಿಸಲು ನನಗೆ ಮನಸ್ಸು ಬರುವುದಿಲ್ಲ.

ಲಕ್ಷಣಗಳೂ ದಾರಿ ತಪ್ಪಿಸುವಂಥವು. ಗೆಡ್ಡೆ ಸ್ರವಿಸುವ ಸಿರೊಟೋನಿನ್ ಮುಂತಾದ ರಾಸಾಯನಿಕಗಳಿಂದ ಇದ್ದಕ್ಕಿದ್ದಂತೆ ಮುಖ, ಕುತ್ತಿಗೆ ಕೆಂಪಾಗಿ ಬಿಸಿಯೇರುತ್ತದೆ, ಭೇದಿಯಾಗುತ್ತದೆ, ಕೆಲವರಿಗೆ ಉಬ್ಬಸವೂ ಬರುತ್ತದೆ. ನಲವತ್ತೆಂಟು ವರ್ಷದ ಹೆಂಗಸಿಗೆ ಮುಖ ಬಿಸಿಯಾದರೆ ಮುಟ್ಟು ನಿಲ್ಲುವ ಕಾಲವೆಂದು ಮನೆಯವರೂ ಹೇಳುತ್ತಾರೆ, ವೈದ್ಯರೂ ಹೇಳುತ್ತಾರೆ. ಹೊಟ್ಟೆಯ ತೊಂದರೆಗಂತೂ ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ, ಅದಕ್ಕೆ ತಕ್ಕ ಮಾತ್ರೆಯೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಊಟ ಬಿಟ್ಟು ಉಪವಾಸವಿದ್ದರೂ ನಿಲ್ಲದ, ನಡುರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯನ್ನು ಮಾತ್ರ ಯಾರೂ ಗ್ಯಾಸ್ಟ್ರಿಕ್ ಎಂದು ಕೈಬಿಡಬಾರದು. ಅಂಥವರಿಗೆ ಮಾಡುವ ಪರೀಕ್ಷೆಗಳಲ್ಲಿ ಒಂದು ಬಹಳ ಸರಳವಾದದ್ದು: ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಸಂಗ್ರಹಿಸಿ, ಸಿರೊಟೋನಿನ್ ಒಡೆದು ಉಳಿಯುವ ಅಂಶವನ್ನು ಅಳೆಯುತ್ತಾರೆ. ಅದಕ್ಕೆ ಮುಂಚಿನ ಎರಡು ಮೂರು ದಿನ ಬಾಳೆಹಣ್ಣು, ಅನಾನಸು, ಟೊಮೇಟೊ, ಬದನೆಕಾಯಿ ತಿನ್ನಬಾರದು, ಏಕೆಂದರೆ ಅವುಗಳಲ್ಲಿಯೂ ಆ ರಾಸಾಯನಿಕವಿದೆ. ದಿನವೂ ಟೊಮೇಟೊ ಸಾರು ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಪರೀಕ್ಷೆಯ ಫಲಿತಾಂಶವೇ ಕೆಡುತ್ತದೆ.

ರೋಗವನ್ನು ಖಚಿತಪಡಿಸುವುದು ಬಯಾಪ್ಸಿ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ದೇಹದಿಂದ ತೆಗೆದ ಅಂಗಾಂಶದ ಚೂರನ್ನು ಪ್ರಯೋಗಾಲಯದಲ್ಲಿ ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಅಚ್ಚು ಮಾಡುತ್ತಾರೆ. ಅದನ್ನು ‘ಬ್ಲಾಕ್’ ಎನ್ನುತ್ತಾರೆ. ಅದರಿಂದ ತೆಳು ತೆಳುವಾಗಿ ಕತ್ತರಿಸಿದ ಪದರವೇ ಸೂಕ್ಷ್ಮದರ್ಶಕದ ಕೆಳಗೆ ಇಡುವ ಸ್ಲೈಡ್. ಗೆಡ್ಡೆಯ ಕೋಶಗಳಲ್ಲಿ ಶೇಕಡಾ ಎಷ್ಟು ವಿಭಜನೆಯ ಹಾದಿಯಲ್ಲಿವೆ ಎಂಬುದನ್ನು ಕೆಐ-67 ಎಂಬ ಬಣ್ಣದ ಪರೀಕ್ಷೆ ತೋರಿಸುತ್ತದೆ. ಅದು ಶೇಕಡಾ 3ಕ್ಕಿಂತ ಕಡಿಮೆಯಿದ್ದರೆ ಒಂದನೆಯ ದರ್ಜೆ, 20ನ್ನು ಮೀರಿದರೆ ಮೂರನೆಯ ದರ್ಜೆ. ಚಿಕಿತ್ಸೆಯ ದಿಕ್ಕು ಬಹುಪಾಲು ಈ ಅಂಕಿಯನ್ನೇ ಅವಲಂಬಿಸಿರುವುದರಿಂದ, ಇಂಥ ಗೆಡ್ಡೆಗಳನ್ನು ಹೆಚ್ಚಾಗಿ ನೋಡಿದ ರೋಗಶಾಸ್ತ್ರಜ್ಞರು ಸ್ಲೈಡನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು. ವರದಿಯ ಕಾಗದದ ಜೊತೆಗೆ ಬ್ಲಾಕನ್ನೂ ಕೇಳಿ ಪಡೆದು ಬೇರೆ ಆಸ್ಪತ್ರೆಗೆ ಒಯ್ಯಬಹುದು ಎಂಬುದು ಅನೇಕ ಕುಟುಂಬಗಳಿಗೆ ಗೊತ್ತೇ ಇರುವುದಿಲ್ಲ. ದಯವಿಟ್ಟು ಕೇಳಿ ಪಡೆಯಿರಿ, ಜೋಪಾನವಾಗಿಡಿ, ಬಿಸಿಲಿಗೆ ಇಡಬೇಡಿ.

ರೋಗ ಖಚಿತವಾದ ದಿನ ರೋಗಿಯ ಕಡೆಯವರು ಕೇಳುವ ಮೊದಲ ಪ್ರಶ್ನೆ, “ಡಾಕ್ಟ್ರೇ, ಇದು ಕ್ಯಾನ್ಸರ್ ಹೌದೋ ಅಲ್ಲವೋ, ಅದೊಂದು ಹೇಳಿಬಿಡಿ” ಎಂಬುದು. ಹೌದು ಎಂದರೆ ಆರು ತಿಂಗಳಲ್ಲಿ ಎಲ್ಲ ಮುಗಿಯಿತೆಂದು ಅವರು ತಿಳಿಯುತ್ತಾರೆ. ಅಲ್ಲ ಎಂದರೆ ಮುಂದಿನ ತಪಾಸಣೆಗೇ ಬರುವುದಿಲ್ಲ. ಕ್ಯಾನ್ಸರ್ ಹೌದು, ಆದರೆ ಕಡಿಮೆ ದರ್ಜೆಯದಾಗಿದ್ದರೆ ಲಿವರಿಗೆ ಹರಡಿದ ಮೇಲೂ ಹಲವರು ವರ್ಷಗಟ್ಟಲೆ ಬಾಳುತ್ತಾರೆ ಎಂಬ ಮಾತನ್ನು ಸಮಾಧಾನದಿಂದ, ಒಂದಕ್ಕಿಂತ ಹೆಚ್ಚು ಬಾರಿ ಕುಳಿತು ಹೇಳಬೇಕಾಗುತ್ತದೆ. ಗೆಡ್ಡೆ ಬೆಳೆಯದೆ ಇರುವಾಗ ಕೆಲವೊಮ್ಮೆ ಔಷಧ ಕೊಡದೆ, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಕಾಯುವುದೇ ಸರಿಯಾದ ತೀರ್ಮಾನವಾಗಿರುತ್ತದೆ. ಏನೂ ಮಾಡದ ವೈದ್ಯರೆಂದು ರೋಗಿಗೆ ಅನ್ನಿಸುವುದು ಸಹಜ. ಸ್ಕ್ಯಾನಿನ ಹಿಂದಿನ ವಾರ ನಿದ್ದೆ ಬಾರದು, ವರದಿ ಕೈಗೆ ಬಂದ ಮೇಲೆ ಮುಂದಿನ ಸ್ಕ್ಯಾನಿನವರೆಗೆ ಮನೆಯಲ್ಲಿ ಮಾತು ನಗು ಮರಳುತ್ತದೆ ಎಂದು ಹೇಳುವವರಿದ್ದಾರೆ.

ಔಷಧ ಬೇಕಾದವರಿಗೆ ಆಕ್ಟ್ರಿಯೋಟೈಡ್ ಇಂಜೆಕ್ಷನ್ ಇದೆ. ಇಪ್ಪತ್ತೆಂಟು ದಿನಕ್ಕೊಮ್ಮೆ ಪೃಷ್ಠದ ಸ್ನಾಯುವಿಗೆ ಕೊಡುವ ಈ ಔಷಧವನ್ನು ಫ್ರಿಜ್ಜಿನಲ್ಲಿಡಬೇಕು, ಕೊಡುವ ಮುನ್ನ ಹೊರಗಿಟ್ಟು ತಣ್ಣಗಿರುವುದನ್ನು ಹೋಗಲಾಡಿಸಬೇಕು, ಪುಡಿಯನ್ನು ದ್ರವದಲ್ಲಿ ಕಲಸಿದ ಕೂಡಲೇ ಚುಚ್ಚಬೇಕು. ತಡವಾದರೆ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ದೂರದ ಊರಿನವರು ಇದನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದು, ಕೊಡಲು ಬಲ್ಲ ನರ್ಸನ್ನು ಹುಡುಕಬೇಕಾಗುತ್ತದೆ. ಬೆಲೆಯೂ ದುಬಾರಿ. ಗುಣವಾಗುವವರೆಗಲ್ಲ, ಫಲ ಕೊಡುತ್ತಿರುವಷ್ಟು ಕಾಲವೂ ತಿಂಗಳು ತಿಂಗಳು ಕೊಳ್ಳಬೇಕು ಎಂಬುದು ಮನೆಯ ಲೆಕ್ಕವನ್ನೇ ಬದಲಾಯಿಸಿಬಿಡುತ್ತದೆ.

ಇನ್ನೊಂದು ಚಿಕಿತ್ಸೆ ಲುಟೀಷಿಯಂ-177. ಗೆಡ್ಡೆಯ ಕೋಶಗಳು ಹಿಡಿದುಕೊಳ್ಳುವ ವಾಹಕಕ್ಕೆ ಈ ವಿಕಿರಣಶೀಲ ಧಾತುವನ್ನು ಜೋಡಿಸಿ ರಕ್ತನಾಳಕ್ಕೆ ಕೊಡುತ್ತಾರೆ, ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ನಾಲ್ಕು ಬಾರಿ. ಭಾರತದಲ್ಲಿ ಇದನ್ನು ಟ್ರಾಂಬೆಯ ಧ್ರುವ ಪರಮಾಣು ರಿಯಾಕ್ಟರಿನಲ್ಲಿ ತಯಾರಿಸುತ್ತಾರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಮೂತ್ರಪಿಂಡಗಳನ್ನು ಕಾಪಾಡಲು ಜೊತೆಯಲ್ಲೇ ಗಂಟೆಗಟ್ಟಲೆ ಅಮೈನೋ ಆಮ್ಲದ ಡ್ರಿಪ್ ಹಾಕುವುದರಿಂದ ವಾಕರಿಕೆ ಬರುತ್ತದೆ. ಮೈಯಿಂದ ಹೊಮ್ಮುವ ವಿಕಿರಣ ತಗ್ಗುವವರೆಗೆ ರೋಗಿ ಪ್ರತ್ಯೇಕ ಕೋಣೆಯಲ್ಲಿರಬೇಕು. ಮನೆಗೆ ಹೋದ ಮೇಲೂ ಕೆಲವು ದಿನ ಚಿಕ್ಕ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು. ಓಡಿಬಂದು ಕಾಲು ತಬ್ಬುವ ಮೊಮ್ಮಗುವನ್ನು ಎತ್ತಿಕೊಳ್ಳಬಾರದು ಎಂಬುದೇ ಔಷಧಕ್ಕಿಂತ ಹೆಚ್ಚು ನೋಯಿಸುತ್ತದೆ ಎನ್ನುವ ಅಜ್ಜಿಯರಿದ್ದಾರೆ.

ಈ ಚಿಕಿತ್ಸೆಯ ಫಲವನ್ನು ಸಾಬೀತುಮಾಡಿದ, 2017ರಲ್ಲಿ ಪ್ರಕಟವಾದ ಅಧ್ಯಯನಕ್ಕೆ 229 ರೋಗಿಗಳನ್ನು ಸೇರಿಸಲು ಎಂಟು ದೇಶಗಳ 41 ಕೇಂದ್ರಗಳು ಕೈಜೋಡಿಸಬೇಕಾಯಿತು. 20 ತಿಂಗಳಾದಾಗ ರೋಗ ಮುಂದುವರಿಯದೆ ಉಳಿದವರ ಪ್ರಮಾಣ ಲುಟೀಷಿಯಂ ಪಡೆದವರಲ್ಲಿ ಸುಮಾರು ಶೇಕಡಾ 65, ಆಕ್ಟ್ರಿಯೋಟೈಡನ್ನಷ್ಟೇ ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ ಸುಮಾರು 11. ಒಬ್ಬ ವೈದ್ಯರ ಅಥವಾ ಒಂದು ಆಸ್ಪತ್ರೆಯ ಅನುಭವದಿಂದ ಇಂಥ ತೀರ್ಮಾನಕ್ಕೆ ಬರಲು ಸಾಧ್ಯವೇ ಇಲ್ಲ. ಆದ್ದರಿಂದಲೇ “ಇಂಥದ್ದನ್ನು ನಾನು ಹೆಚ್ಚು ನೋಡಿಲ್ಲ, ಬಲ್ಲವರನ್ನು ಕೇಳಿ ಹೇಳುತ್ತೇನೆ” ಎನ್ನುವ ವೈದ್ಯರನ್ನು ರೋಗಿಗಳು ನಂಬಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೇಳಲು ಈಗ ದಾರಿಗಳೂ ಇವೆ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಜಾಲದ ಆಸ್ಪತ್ರೆಗಳ ವೈದ್ಯರು ಕ್ಲಿಷ್ಟವಾದ ರೋಗಿಗಳ ಸ್ಕ್ಯಾನು, ವರದಿಗಳನ್ನು ವಿಡಿಯೋ ಸಭೆಯಲ್ಲಿ ಮುಂದಿಟ್ಟು ಬೇರೆ ಊರುಗಳ ತಜ್ಞರೊಡನೆ ಚರ್ಚಿಸಬಹುದು. ನಿಮ್ಮ ರೋಗವನ್ನು ಅಂಥ ಸಭೆಯ ಮುಂದಿಡಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ನಮಸ್ಕಾರ.