ಹಿಮ್ಮಡಿ ನೆಲಕ್ಕೆ ತಾಗದ ಮಕ್ಕಳು

ನಮಸ್ಕಾರ. ಪುಣೆಯ ಕೊಥ್ರೂಡಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾನು ಸುತ್ತಮುತ್ತಲಿನ ಕನ್ನಡ ಮನೆಗಳ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಸಭಾಂಗಣದಲ್ಲಿ ಜಮಖಾನ ಹಾಸಿ ನೆಲದ ಮೇಲೆ ಕೂರುವುದು ನಮ್ಮ ರೂಢಿ. ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬೊಬ್ಬರಾಗಿ ಕಾಲು ಚಾಚುತ್ತಾರೆ, ಬೆನ್ನಿಗೆ ಆಸರೆ ಹುಡುಕುತ್ತ ಗೋಡೆಯ ಕಡೆಗೆ ಸರಿಯುತ್ತಾರೆ. ಒಂದು ದಿನ ಎಲ್ಲರನ್ನೂ ಕುಕ್ಕರುಗಾಲಿನಲ್ಲಿ ಕೂರಲು ಹೇಳಿದೆ. ಹೆಚ್ಚಿನವರ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಇಬ್ಬರು ಹಿಂದಕ್ಕೆ ಉರುಳಿದರು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ವಿಜಯಪುರದ ಕಡೆಯ ಅಜ್ಜಿಯೊಬ್ಬರು ಬಾಗಿಲ ಬಳಿ ಒಂದು ಕಾಲು ಮಡಚಿ, ಇನ್ನೊಂದರ ಮೊಣಕಾಲು ಎತ್ತಿ, ಎಲ್ಲಿಯೂ ಒರಗದೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. "ನೆಟ್ಟಗ ಕುಂಡ್ರಾಕೂ ಬರಂಗಿಲ್ಲೇನವ್ವಾ ನಿನಗ?" ಎಂದು ಮೊಮ್ಮಗಳನ್ನು ಕೇಳಿ, ನೆಲಕ್ಕೆ ಕೈಯೂರದೆ ಎದ್ದು ಚಪ್ಪಲಿ ಮೆಟ್ಟಿದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಡುವಿನ ತಲೆಮಾರಿನವರಾದ ನಾವು.

ಈಗಿನ ಮಕ್ಕಳು ಸೋಮಾರಿಗಳೆಂದು ತೀರ್ಪು ಕೊಡುವುದು ಸುಲಭ, ಆದರೆ ನ್ಯಾಯವಲ್ಲ. ಮಕ್ಕಳು ಸರಸರನೆ ಎತ್ತರವಾಗುವ ವಯಸ್ಸಿನಲ್ಲಿ ಕಾಲಿನ ಮೂಳೆಗಳು ಮೊದಲು ಉದ್ದವಾಗುತ್ತವೆ, ಸ್ನಾಯುಗಳು ಅವನ್ನು ಹಿಂಬಾಲಿಸಲು ಸಮಯ ತೆಗೆದುಕೊಳ್ಳುತ್ತವೆ. ಆ ಅವಧಿಯಲ್ಲಿ ಮೈ ಬಿಗಿಯಾಗುವುದು ಸಹಜ. ಅದೇ ವಯಸ್ಸಿನ ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಹೆಚ್ಚು ಬಾಗಬಲ್ಲರು. ಆದ್ದರಿಂದ ಹದಿಮೂರರ ಹುಡುಗನೊಬ್ಬ ಬಗ್ಗಿ ಕಾಲ್ಬೆರಳು ಮುಟ್ಟಲಾರದೆ ಹೋದರೆ ಅದಕ್ಕೆ ಅವನ ತಲೆಮಾರಿಗಿಂತ ಅವನ ವಯಸ್ಸೇ ಕಾರಣವಾಗಿರಬಹುದು. ತಲೆಮಾರುಗಳನ್ನು ಹೋಲಿಸಬೇಕಾದರೆ ಒಂದೇ ಪರೀಕ್ಷೆಯನ್ನು ಒಂದೇ ವಯಸ್ಸಿನ ಮಕ್ಕಳಿಗೆ ವರ್ಷವರ್ಷವೂ ಮಾಡಿ ದಾಖಲಿಸಬೇಕು. ಜಪಾನ್ ಟೋಕಿಯೋ ಒಲಿಂಪಿಕ್ಸ್ ನಡೆದ 1964ರಿಂದಲೂ ತನ್ನ ಮಕ್ಕಳ ದೈಹಿಕ ಸಾಮರ್ಥ್ಯವನ್ನು ಹೀಗೆ ಅಳೆಯುತ್ತ ಬಂದಿದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ವೈದ್ಯ ಹ್ಯಾನ್ಸ್ ಕ್ರೌಸ್ ನಡೆಸಿದ ಪರೀಕ್ಷೆಗಳಲ್ಲಿ, ಮೊಣಕಾಲು ಬಗ್ಗಿಸದೆ ನೆಲ ಮುಟ್ಟುವುದೂ ಸೇರಿದಂತೆ ಯಾವುದಾದರೊಂದರಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೋತರೆಂದು ತಿಳಿದಾಗ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಅದಕ್ಕಾಗಿಯೇ ಒಂದು ಮಂಡಳಿಯನ್ನು ನೇಮಿಸಿದರು.

ನಮ್ಮಲ್ಲಿಯೂ ಖೇಲೋ ಇಂಡಿಯಾದ ಶಾಲಾ ಪರೀಕ್ಷೆಯಲ್ಲಿ, ಕಾಲು ನೀಡಿ ಕುಳಿತು ಮುಂದಕ್ಕೆ ಬಾಗಿ ಬೆರಳು ಎಲ್ಲಿಯವರೆಗೆ ತಲುಪುತ್ತದೆಂದು ಅಳೆಯುವ ಭಾಗವಿದೆ. ಅದು ಒಳ್ಳೆಯದೇ. ಆದರೆ ಆ ಅಳತೆ ಮುಖ್ಯವಾಗಿ ತೊಡೆಯ ಹಿಂಭಾಗದ ಮತ್ತು ಸೊಂಟದ ಸ್ನಾಯುಗಳ ಕಥೆ ಹೇಳುತ್ತದೆ. ಪಾದದ ಕೀಲು ಎಷ್ಟು ಮಡಚುತ್ತದೆ, ತೊಡೆಯ ಕೀಲು ಎಷ್ಟು ತೆರೆಯುತ್ತದೆ ಎಂಬುದನ್ನು ಹೇಳುವುದಿಲ್ಲ. ನನ್ನ ತರಗತಿಯ ಮಕ್ಕಳು ಸೋತದ್ದು ಅಲ್ಲಿಯೇ. ಅಂಕಪಟ್ಟಿಯಲ್ಲಿ ಪಾಸಾದ ಮಗುವಿಗೂ ಕುಕ್ಕರುಗಾಲು ಬಾರದೆ ಇರಬಹುದು.

ಕಾರಣವನ್ನು ನಾನು ಮೊಬೈಲಿನ ಮೇಲೆ ಮಾತ್ರ ಹೊರಿಸಲಾರೆ. ನಮ್ಮ ಮನೆಗಳಿಂದ ನೆಲವೇ ಮರೆಯಾಗಿದೆ. ಊಟ ಮೇಜಿಗೆ ಏರಿತು, ಶೌಚಾಲಯದಲ್ಲಿ ಕಮೋಡು ಬಂತು, ತರಕಾರಿ ಹೆಚ್ಚುವ ಈಳಿಗೆಮಣೆ ಅಟ್ಟ ಸೇರಿತು, ಓದು ಸೋಫಾದ ಮೇಲೆ ನಡೆಯುತ್ತದೆ. ಹಿಂದಿನ ಮಗು ಯಾವ ವ್ಯಾಯಾಮವನ್ನೂ ಮಾಡದೆ ದಿನಕ್ಕೆ ಹತ್ತಾರು ಬಾರಿ ನೆಲಕ್ಕೆ ಕೂತು ಏಳುತ್ತಿತ್ತು. ಬಳಸಿದ ಕೀಲು ಬಳಕೆಯಿಂದಲೇ ಸಡಿಲವಾಗಿ ಉಳಿಯುತ್ತಿತ್ತು. ಮೊಣಕಾಲು ನೋವಿನ ಅಜ್ಜ ಅಜ್ಜಿಯರಿಗೆ ಕಮೋಡು ವರವೆಂಬುದನ್ನು ನಾನು ಒಪ್ಪುತ್ತೇನೆ, ಅದನ್ನು ಕಿತ್ತುಹಾಕಿ ಎನ್ನುವುದಿಲ್ಲ.

ಈ ಊರಿನಲ್ಲಿ ಕುಳಿತು ಇದನ್ನು ಹೇಳುವಾಗ ನನಗೆ ಎದೆ ತುಂಬುವುದು ಬಿ.ಕೆ.ಎಸ್. ಅಯ್ಯಂಗಾರರನ್ನು ನೆನೆದು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ರೋಗಗಳಿಂದ ನರಳಿದ ಹುಡುಗ. ಮೈಸೂರಿನಲ್ಲಿ ಯೋಗ ಕಲಿಯಲು ನಿಂತಾಗ ಅವರ ಮೈ ಬಗ್ಗುತ್ತಲೇ ಇರಲಿಲ್ಲ. ಅದೇ ಹುಡುಗ 1937ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾಕ್ಕೆ ಯೋಗ ಕಲಿಸಲು ಬಂದು, ಕೊನೆಯವರೆಗೂ ಇಲ್ಲಿಯೇ ನೆಲೆನಿಂತು ಜಗತ್ತಿಗೆ ಗುರುವಾದರು. ಬಿಗಿದ ಮೈ ಮಗುವಿನ ಹಣೆಬರಹವೆಂದು ತಿಳಿಯುವ ತಂದೆತಾಯಿಯರಿಗೆ ಇದಕ್ಕಿಂತ ಬೇರೆ ಧೈರ್ಯ ಬೇಕಿಲ್ಲ.

ಹಾಗೆಂದು ವಾರಕ್ಕೊಂದು ಯೋಗ ತರಗತಿಗೆ ಹಣ ಕಟ್ಟಿದರೆ ಕೆಲಸ ಮುಗಿಯಿತೆಂದು ನಾನು ನಂಬುವುದಿಲ್ಲ. ರಾತ್ರಿಯೂಟವನ್ನಾದರೂ ಚಾಪೆಯ ಮೇಲೆ ಬಡಿಸಿ. ಶಾಲೆಗಳು ಖೋ ಖೋ ಆಟವನ್ನು ಮತ್ತೆ ಅಂಗಳಕ್ಕೆ ತರಲಿ. ಆ ಆಟದಲ್ಲಿ ಅಟ್ಟುವ ಒಂಬತ್ತು ಜನರಲ್ಲಿ ಎಂಟು ಜನ ಸಾಲಾಗಿ ಕುಕ್ಕರುಗಾಲಿನಲ್ಲಿ ಕುಳಿತಿದ್ದು, ಬೆನ್ನಿಗೆ ಕೈ ಬಿದ್ದೊಡನೆ ಚಿಮ್ಮಿ ಏಳಬೇಕು. ಅದಕ್ಕೆ ಒಂದು ಅಂಗಳ ಮತ್ತು ಎರಡು ಕಂಬ ಸಾಕು.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ವಿನಂತಿ. ಬಾಗಲಾರದ ಮಗುವಿನ ಬೆನ್ನನ್ನು ಕೈಯಿಂದ ಅದುಮಬೇಡಿ. ಬೆಳೆಯುವ ಮೂಳೆಗೆ ಸ್ನಾಯು ಅಂಟಿಕೊಳ್ಳುವ ಜಾಗ ಇನ್ನೂ ಎಳೆಯದಾಗಿರುತ್ತದೆ, ಜಗ್ಗಿದರೆ ಪೆಟ್ಟಾಗುತ್ತದೆ. ನಮ್ಮ ತರಗತಿಯಲ್ಲಿ ಈಗ ಹಿಮ್ಮಡಿ ತಾಗದವರು ಅದರ ಕೆಳಗೆ ಮಡಚಿದ ಟವೆಲ್ ಇಟ್ಟುಕೊಂಡು ಕೂರುತ್ತಾರೆ, ಸಾಕೆನಿಸಿದಾಗ ಏಳುತ್ತಾರೆ.